ತೆರಿಗೆ ಬಿದ್ದ ಮನೆ

ಮದಿಯಾನಿ ಅಂಚೆ, ಉಯೋಮಾ
೧೧ ಫೆಬ್ರವರಿ ೧೯೯೬

ಮಗಳು ಅಕೆಯೊಗೆ, ಅವ್ವ ಬರೆಯುವುದು.

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಮೊದಲ ಸಲ ನನಗಾಗಿ. ಎರಡನೆಯ ಸಲ ನಿನ್ನ ದೊಡ್ಡಪ್ಪ ಒಗಾಡ ಅವರಿಗಾಗಿ. ಮೂರನೆಯ ಸಲ ಭಾನುವಾರ ಚರ್ಚಿನ ಹೊರಗೆ, ಕೇಳುವ ಆಸೆ ಇದ್ದವರಿಗೂ ಇಲ್ಲದವರಿಗೂ. ಟೀ ಕಾರ್ಖಾನೆಗೆ ಸಹಾಯಕ ಮ್ಯಾನೇಜರ್ ಆದ ಮೊದಲ ಹೆಂಗಸು ಎನ್ನುವ ಸಾಲನ್ನು ಎರಡು ಬಾರಿ ಓದಿದೆ. ಗಾಳಿ ಜೋರಾಗಿತ್ತು, ಹಿಂದೆ ನಿಂತವರಿಗೆ ಕೇಳಿಸಿರಲಿಕ್ಕಿಲ್ಲ.

ಕಂಪನಿ ಮನೆ ಕೊಟ್ಟಿದೆ ಎನ್ನುವಲ್ಲಿಗೆ ಬಂದಾಗ ಕೊನ್ಸೊಲಾಟಾ ಬಾಯಿ ಹಾಕಿದಳು. "ಹೆಣ್ಣಿಗೆ ಯಾರು ಮನೆ ಕೊಡ್ತಾರೆ ದೊರಿನಾ? ಗಂಡನಿಗೆ ಕೊಟ್ಟಿರ್ತಾರೆ. ಸರಿಯಾಗಿ ಓದು."

"ಓದೋದು ನಿನಗೆ ಬಂದ ದಿನ ನೀನೇ ಓದ್ಕೋ" ಅಂದೆ. ಉಳಿದವರು ನಕ್ಕರು. ಅವಳೂ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ಹೆಮ್ಮೆ ಇದೆ. ಬರೆದುಬಿಟ್ಟೆ, ಇನ್ನೊಮ್ಮೆ ಬರೆಯುವುದಿಲ್ಲ. ಕೆರಿಚೊದಲ್ಲಿ ಚಳಿ ಹೆಚ್ಚು, ಎದೆಗೆ ಬಟ್ಟೆ ಕಟ್ಟಿಕೋ. ಕೆಲಸಗಾರರ ಮುಂದೆ ಜೋರಾಗಿ ಮಾತನಾಡಬೇಡ. ಮೆಲ್ಲಗೆ ಮಾತನಾಡುವವರಿಗೇ ಜನ ಹೆದರುವುದು.

ನಿನ್ನ ತಾಯಿ,
ದೊರಿನಾ

—

ಕೆರಿಚೊ
೩ ಮಾರ್ಚ್ ೧೯೯೬

ಅವ್ವನಿಗೆ,

ಮೊದಲು ಮುಖ್ಯವಾದದ್ದು. ನಾನು ಬಸುರಿ. ಆಗಸ್ಟ್ ತಿಂಗಳು ಎಂದಿದ್ದಾರೆ.

ಎರಡನೆಯದನ್ನು ಬರೆಯಲು ಮೂರು ದಿನ ಬೇಕಾಯಿತು. ಕಿಸುಮುವಿನಲ್ಲಿ ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತು, ಎರಡು ವರ್ಷದಿಂದ ಇಬ್ಬರೂ ಅದರ ಮಾತೆತ್ತಿಲ್ಲ. ಅದು ಒಗುಟು ಬಾಡಿಗೆ ಕೊಡುತ್ತಿದ್ದ ಮನೆ, ಹೆರಿಗೆಯ ರಜೆಗೆಂದು ನಾನು ಅಲ್ಲಿಗೆ ಹೋಗಿದ್ದೆ. ಅಳಿಯನ ಸೂರಿನಡಿ ಅತ್ತೆ ಮಲಗಬಾರದೆಂದು ನೀನು ಬೆಳಗ್ಗೆ ಬಂದು ನಾಲ್ಕರ ಬಸ್ಸಿಗೆ ಹೊರಟುಹೋಗುತ್ತಿದ್ದೆ. ಆ ದಿನವೂ ಹೊರಟೆ. ಏಳಕ್ಕೆ ನೋವು ಶುರುವಾಯಿತು. ಅದು ಹೆರಿಗೆಯ ನೋವೆಂದು ನನಗೇ ತಿಳಿಯಲಿಲ್ಲ, ಒಗುಟುಗಂತೂ ತಿಳಿಯಲೇ ಇಲ್ಲ. ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು. ನಿನ್ನನ್ನು ದೂರುತ್ತಿಲ್ಲ ಅವ್ವ. ಈ ಸಲ ನೀನು ಮನೆಯಲ್ಲಿರಬೇಕು, ಅಷ್ಟೆ. ಜುಲೈ ಕೊನೆಗೆ ಬಂದು ಮಗು ಹುಟ್ಟುವ ತನಕ ಇರು. ಇದು ಒಗುಟು ಬಾಡಿಗೆ ಕಟ್ಟುವ ಮನೆಯಲ್ಲ, ಕಂಪನಿಯ ಮನೆ.

ಮನೆ ದೊಡ್ಡದು. ಮೂರು ಕೋಣೆ, ಒಲೆಯಿಂದ ಬಿಸಿನೀರು, ಒಬ್ಬ ಕಾವಲುಗಾರ, ತೋಟಕ್ಕೊಬ್ಬ ಆಳು. ಒಗುಟು ಶನಿವಾರ ಬರುತ್ತಾರೆ, ವಾರವೆಲ್ಲ ತಮ್ಮ ಶಾಲೆಯ ಮಾಸ್ತರರ ವಸತಿಯಲ್ಲಿರುತ್ತಾರೆ. ಪುಕ್ಕಟೆ ಮನೆ ಎಂದು ಖುಷಿಪಟ್ಟಿದ್ದೆ. ಮೊದಲ ಸಂಬಳದ ಚೀಟಿ ನೋಡಿ ಖುಷಿ ಇಳಿಯಿತು. ಮೂಲ ಸಂಬಳದ ಕೆಳಗೆ ಮನೆಗೊಂದು ಬೆಲೆ, ಕಾವಲುಗಾರನಿಗೊಂದು ಬೆಲೆ, ತೋಟದವನಿಗೊಂದು ಬೆಲೆ. ಎಲ್ಲವನ್ನೂ ನನ್ನ ಸಂಬಳಕ್ಕೆ ಕೂಡಿಸಿ, ಅಷ್ಟರ ಮೇಲೆ ತೆರಿಗೆ ಹಿಡಿದಿದ್ದಾರೆ. ಆ ಹಣ ನನ್ನ ಕೈಗೆ ಬಂದೇ ಇಲ್ಲ, ಬಂದು ಖರ್ಚಾದಂತೆ ಲೆಕ್ಕ. ಕಾವಲುಗಾರ ಎಂಟಕ್ಕೆಲ್ಲ ಗೊರಕೆ ಹೊಡೆಯುತ್ತಾನೆ. ಅವನ ಗೊರಕೆಗೂ ನಾನು ತೆರಿಗೆ ಕಟ್ಟಬೇಕು. ಕಾರ್ಖಾನೆಯಲ್ಲಿ ಕೊಟ್ಟ ರಬ್ಬರ್ ಬೂಟಿಗೆ ಮಾತ್ರ ತೆರಿಗೆ ಇಲ್ಲ. "ಹಾಗಾದ್ರೆ ಬೂಟಿನಲ್ಲೇ ವಾಸ ಮಾಡೋಣ" ಎಂದು ಒಗುಟು ನಗುತ್ತಾರೆ.

ಕಾಗದ ನೋಡದೆ ನೀನು ಏನನ್ನೂ ನಂಬುವವಳಲ್ಲ. ಅದಕ್ಕೇ ಚೀಟಿಯ ನಕಲು ಇಟ್ಟಿದ್ದೇನೆ.

ಅಕೆಯೊ

—

ಉಯೋಮಾ
೧೭ ಮಾರ್ಚ್ ೧೯೯೬

ಅಕೆಯೊ,

ಭಾರ ಎತ್ತಬೇಡ. ಎಡಗಡೆ ಮಗ್ಗುಲಾಗಿ ಮಲಗು. ಆ ಇನ್ನೊಂದು ವಿಷಯವನ್ನು ನೀನು ಬರೆದದ್ದು ಓದಿದೆ.

ಈಗ ಚೀಟಿಯ ವಿಷಯ. ನಿನ್ನ ಗೊಣಗಾಟ ನನಗೆ ಹಿಡಿಸಲಿಲ್ಲ. ನಾನು ಹೈಸ್ಕೂಲು ಮುಗಿಸಿದವಳು, ಕೂಡುವುದು ಕಳೆಯುವುದು ನನಗೆ ಬರುತ್ತದೆ. ಬೂಟು ಯಾರ ಕೆಲಸಕ್ಕೆ? ಕಂಪನಿಯ ಕೆಲಸಕ್ಕೆ. ಕಾರ್ಖಾನೆಯ ನೀರಿನಲ್ಲಿ ನಿಲ್ಲಲು ಅವರೇ ಕೊಡಬೇಕು, ಅದರಿಂದ ನಿನಗೇನೂ ಲಾಭವಿಲ್ಲ. ಮನೆ ಯಾರಿಗೆ? ನಿನಗೆ. ಅದು ಇಲ್ಲದಿದ್ದರೆ ನಿನ್ನ ಸಂಬಳದಿಂದಲೇ ಬಾಡಿಗೆ ಕೊಡುತ್ತಿದ್ದೆ. ಪಕ್ಕದ ಮೇಜಿನವಳು ಅಷ್ಟೇ ಸಂಬಳ ತೆಗೆದುಕೊಂಡು, ಅದರಲ್ಲೇ ಬಾಡಿಗೆ ಕೊಟ್ಟು, ನಿನ್ನಷ್ಟೇ ತೆರಿಗೆ ಕಟ್ಟಿದರೆ ನ್ಯಾಯವೇ? ಸವಲತ್ತೆಂದರೂ ಸಂಬಳವೇ, ಬೇರೆ ಬಟ್ಟೆ ತೊಟ್ಟು ಬಂದ ಸಂಬಳ.

ಇದು ತಿಳಿದ ಕೂಡಲೇ ಚೀಟಿ ಹಿಡಿದುಕೊಂಡು ಒಗಾಡ ಭಾವನವರ ಅಂಗಳಕ್ಕೆ ಹೋದೆ. ಅವರು ಟೀ ಕುಡಿಯುತ್ತಿದ್ದರು.

"ಏನಿದು ದೊರಿನಾ, ಮತ್ತೆ ಜಮೀನಿನ ಕಾಗದವಾ?"

"ನಿಮ್ಮ ತಮ್ಮನ ಮಗಳ ಸಂಬಳದ ಚೀಟಿ, ಭಾವ. ಹೆರಿಗೆಗೆ ನಾನು ಅವಳ ಮನೇಲಿ ಮಲಗಬೇಕು."

"ಮಲಗೋ ಹಾಗಿಲ್ಲ. ಮದುವೆಯಾದ ಹೆಣ್ಣಿನ ಮನೆ ಅಂದ್ರೆ ಗಂಡನ ಮನೆ. ಒಳಗಿರೋ ಚಮಚ ಕೂಡ ಅವನದೇ. ಕಟ್ಟಳೆ ಮುರಿದ್ರೆ ಚಿರಾ ಶಾಪ ತಟ್ಟೋದು ನಿನಗಲ್ಲ, ಹುಟ್ಟೋ ಮಗುವಿಗೆ. ನಿನಗೆ ನಾನು ಹೇಳಬೇಕಾ?"

"ಹೇಳಬೇಡಿ. ಆ ಚಮಚದಲ್ಲಿರೋ ಸಕ್ಕರೆ ಯಾರು ಕಳಿಸಿದ್ದು?"

"ಅಕೆಯೊ."

"ಅಳಿಯನ ಸಕ್ಕರೆ ತಿಂತಿದೀರಲ್ಲ ಹಾಗಾದ್ರೆ."

"ಸಕ್ಕರೆ ಬೇರೆ. ಅದು ಅವಳ ಸಂಬಳದ್ದು. ಮಗಳ ಸಂಬಳದ್ದು ತಿನ್ನಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ. ಹೇಳಿದ್ರೂ ನಾನು ಕೇಳ್ತಿರಲಿಲ್ಲ."

ಆಗ ಚೀಟಿ ಬಿಡಿಸಿ ಅವರ ಮೊಣಕಾಲ ಮೇಲೆ ಇಟ್ಟೆ. "ಇಲ್ಲಿ ನೋಡಿ. ಇದು ಸಂಬಳ. ಇದು ಮನೆ. ಎರಡನ್ನೂ ಕೂಡಿಸಿ ತೆರಿಗೆ ಹಾಕಿದಾರೆ. ಸರ್ಕಾರ ಯಾವ ಗಂಡಸಿನ ಹತ್ರನೂ ಕೇಳಿಲ್ಲ, ಇವಳ ಹತ್ರ ಕೇಳಿದೆ. ಅಂದ್ರೆ ಮನೆ ಅನ್ನೋದು ಇವಳ ಸಂಬಳವೇ. ಒಂದು ಭಾಗ ಕೈಗೆ ಬರ್ತದೆ, ಒಂದು ಭಾಗ ಸೂರಾಗಿ ಬರ್ತದೆ. ತಿಂದ್ರೆ ತಪ್ಪಿಲ್ಲ ಅಂದ್ರಿ. ಮಲಗಿದ್ರೆ ಏನು ತಪ್ಪು?"

ಅವರು ಟೀ ಲೋಟ ಕೆಳಗಿಟ್ಟರು. ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಏನೂ ಇರಲಿಲ್ಲ.

"ನೀನು ಗಂಡಸಾಗಿ ಹುಟ್ಟಿದ್ರೆ ನಮ್ಮ ಜಮೀನಿನ ವ್ಯಾಜ್ಯ ಹನ್ನೊಂದು ವರ್ಷ ಎಳೀತಿರಲಿಲ್ಲ."

"ಹೆಂಗಸಾಗಿ ಹುಟ್ಟಿದ್ದಕ್ಕೇ ನೀವಿನ್ನೂ ಆ ಜಮೀನಿನ ಮೇಲೆ ಕೂತು ಟೀ ಕುಡೀತಿದೀರಿ."

ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಕೇಳಿದರು. "ಮನೆ ಕೊಟ್ಟ ಕಾಗದದಲ್ಲಿ ಯಾರ ಹೆಸರಿದೆ? ಅವಳದ್ದಿದ್ರೆ ಹೋಗಿ ಮಲಗು, ಕೇಳೋರಿಗೆ ನಾನು ಉತ್ತರ ಕೊಡ್ತೀನಿ. ಒಗುಟು ಹೆಸರಿದ್ರೆ ಅದು ಅಳಿಯನ ಮನೆ. ಸರ್ಕಾರ ಏನೇ ಬರ್ಕೊಳ್ಳಲಿ."

ಆ ಕಾಗದದ ನಕಲು ಕಳಿಸು.

ದೊರಿನಾ

—

ಕೆರಿಚೊ
೧೪ ಏಪ್ರಿಲ್ ೧೯೯೬

ಅವ್ವನಿಗೆ,

ಕಾಗದ ನೋಡಿದೆ. ಮನೆ ಹಂಚಿಕೆಯ ಕಾರ್ಡಿನಲ್ಲಿ 'ಶ್ರೀ ಒಗುಟು' ಎಂದಿದೆ. ನನ್ನ ಹೆಸರು ಅದರ ಕೆಳಗಿದೆ, 'ಹೆಂಡತಿ' ಎನ್ನುವ ಜಾಗದಲ್ಲಿ.

ಕಚೇರಿಯ ಗುಮಾಸ್ತ ಕೊಸ್ಕೇಯನ್ನು ಕೇಳಿದೆ. ಒಳ್ಳೆಯ ಮನುಷ್ಯ, ಎಲ್ಲರ ಮಕ್ಕಳ ಹೆಸರೂ ಗೊತ್ತು. "ಮೇಡಂ, ಇದು ಮೊದಲಿನಿಂದ ಹೀಗೇ. ಮದುವೆಯಾದ ಹೆಂಗಸಿಗೆ ಮನೆ ಕೊಟ್ರೆ ಗಂಡನ ಹೆಸರಲ್ಲಿ ಬರೀತೀವಿ. ಕಾರ್ಡ್ ಅಚ್ಚಾಗಿರೋದೇ ಹಾಗೆ" ಎಂದ.

"ನನ್ನ ಗಂಡ ನಿಮ್ಮ ಕಂಪನಿಗೆ ಒಂದು ದಿನ ಕೆಲಸ ಮಾಡಿದಾರಾ?"

"ಇಲ್ಲ."

"ಮನೆ ಮೇಲಿನ ತೆರಿಗೆ ಯಾರ ಸಂಬಳದಲ್ಲಿ ಹಿಡೀತಿದೀರಿ?"

ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅದು ಬೇಜಾರಾಗಿದ್ರೆ ಹೇಳಿ, ಮನೆಯ ಸಾಲನ್ನೇ ಚೀಟಿಯಿಂದ ತೆಗೆದುಬಿಡ್ತೀನಿ. ಮನೆ ಗಂಡನ ಹೆಸರಲ್ಲಿದೆ, ನಿಮಗೆ ಕೊಟ್ಟಿಲ್ಲ ಅಂತ ಬರೆದ್ರಾಯ್ತು. ಗಂಡನಿಗೆ ನಾವು ಸಂಬಳ ಕೊಡಲ್ಲ, ಅವನಿಂದ ಏನು ಹಿಡಿಯೋದು? ತೆರಿಗೆ ಉಳೀತು. ನಿಮಗೂ ಲಾಭ, ನನಗೂ ನೆಮ್ಮದಿ. ಇಂಥದ್ದು ಎಷ್ಟೋ ಕಡೆ ನಡೆಯುತ್ತೆ."

ಒಗುಟುಗೆ ಹೇಳಿದೆ. ಒಪ್ಪಿಕೋ ಎಂದರು. ತಿಂಗಳು ತಿಂಗಳು ಉಳಿಯುವುದರಲ್ಲಿ ತೊಟ್ಟಿಲು ಬರುತ್ತದೆ, ಆಮೇಲೆ ಮಗುವನ್ನು ನೋಡಿಕೊಳ್ಳುವವಳ ಸಂಬಳವೂ ಆಗುತ್ತದೆ. ಅವರ ಮನಸ್ಸಿನಲ್ಲಿ ಬೇರೆಯೂ ಒಂದಿದೆ, ಬಾಯಿಬಿಟ್ಟು ಹೇಳಲಿಲ್ಲ. ಮಾಸ್ತರರ ಕೋಣೆಯಲ್ಲಿ ಸ್ನೇಹಿತರು ಕೇಳುತ್ತಾರಂತೆ: "ಏನಯ್ಯಾ ಒಗುಟು, ಶನಿವಾರ ಹೆಂಡತಿ ಮನೆಗೋ?" ಕಾರ್ಡಿನಲ್ಲಿ ಇವರ ಹೆಸರಿದ್ದರೆ ಒಂದು ಉತ್ತರವಾದರೂ ಇರುತ್ತದೆ.

ನಿಜ ಹೇಳುತ್ತೇನೆ, ನನಗೂ ಒಪ್ಪಿಕೊಳ್ಳುವ ಮನಸ್ಸಾಗಿದೆ. ಮೂರು ಪಾಳಿ ನೋಡಿಕೊಂಡು ಮನೆಗೆ ಬಂದಾಗ ಕಾಲು ಊದಿರುತ್ತದೆ. ಒಂದು ಕಾರ್ಡಿಗಾಗಿ ಜಗಳಕ್ಕೆ ನಿಲ್ಲುವ ಶಕ್ತಿ ಇಲ್ಲ. ಅಲಮಾರಿಯಲ್ಲಿ ಬಿದ್ದಿರುವ ರಟ್ಟಿನ ಚೂರು, ಅದನ್ನು ಯಾರೂ ನೋಡುವುದಿಲ್ಲ. ದೊಡ್ಡಪ್ಪನಿಗೆ ನನ್ನ ಹೆಸರಿದೆ ಎಂದು ನೀನು ಹೇಳಿದರೆ ಆಗದೇ?

ಅಕೆಯೊ

—

ಉಯೋಮಾ
೨೮ ಏಪ್ರಿಲ್ ೧೯೯೬

ಅಕೆಯೊ,

ಆಗುವುದಿಲ್ಲ.

ಭಾವನವರಿಗೆ ಸುಳ್ಳು ಹೇಳಬಲ್ಲೆ, ಅವರಿಗೆ ಕಣ್ಣೂ ಸರಿಯಿಲ್ಲ. ಆದರೆ ಚಿರಾಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಒಂದು ಮಗುವನ್ನು ಕಟ್ಟಳೆ ಕಾಯುತ್ತಾ ಕಳೆದುಕೊಂಡೆ. ಇನ್ನೊಂದನ್ನು ಕಟ್ಟಳೆ ಮುರಿದು ಕಳೆದುಕೊಂಡರೆ ನಾನು ಯಾರ ಮುಖ ನೋಡಲಿ?

ಅಳಿಯನವರ ಮೇಲೆ ನನಗೆ ಕೋಪವಿಲ್ಲ. ಅವರು ಒಳ್ಳೆಯವರು. ಆದರೆ ಗುಮಾಸ್ತನ ಮಾತನ್ನು ಇನ್ನೊಮ್ಮೆ ಓದು. ಮನೆ ನಿನಗೆ ಕೊಟ್ಟಿಲ್ಲವೆಂದು ಬರೆಯುತ್ತಾನಂತೆ. ಹಾಗೆ ಬರೆದ ಮೇಲೆ ನೀನು ಅಲ್ಲಿ ಯಾರು? ದುಡಿದದ್ದು ನೀನು, ಮನೆ ಸಿಕ್ಕಿದ್ದು ನಿನ್ನ ದುಡಿಮೆಗೆ. ಸ್ವಲ್ಪ ತೆರಿಗೆ ಉಳಿಸಲು ಅದನ್ನು ದುಡಿಯಲಿಲ್ಲವೆಂದು ರುಜು ಹಾಕುತ್ತೀಯಾ? ಸಾಲದ್ದಕ್ಕೆ, ಕಟ್ಟಬೇಕಾದ್ದನ್ನು ಬಚ್ಚಿಟ್ಟ ಹಾಗೂ ಆಯಿತು. ನನ್ನ ಮಗಳು ಕೊಡಬೇಕಾದ್ದನ್ನು ಕೊಡಲಾರದವಳೆಂದು ನಾನು ಚರ್ಚಿನ ಮುಂದೆ ಓದಲಿಲ್ಲ.

ಹಾಗೆ ಮಾಡಿದರೆ ನಾನು ಬರುವುದಿಲ್ಲ. ಕೆರಿಚೊದಿಂದ ಸಂಜೆ ಇಲ್ಲಿಗೆ ಬಸ್ಸೂ ಇಲ್ಲ. ಹಗಲು ಬಂದು ಹೋಗುವ ಮಾತೂ ಇಲ್ಲವೆಂದು ತಿಳಿದುಕೋ.

ದೊರಿನಾ

—

ಉಯೋಮಾ
೨ ಜೂನ್ ೧೯೯೬

ಅಕೆಯೊ,

ಐದು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಅಂಚೆಯವನನ್ನು ದಿನವೂ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕರೆ ಕೇಳುತ್ತೇನೆ. ಈಚೆಗೆ ದಿನವೂ ಸಿಗುತ್ತಿದ್ದಾನೆ.

ಮಟಾಟು ವ್ಯಾನು ಓಡಿಸುವ ಒಲಾಂಗನ ಕೈಯಲ್ಲಿ ಒಣಗಿಸಿದ ಒಮೆನಾ ಮೀನು, ಜೋಳದ ಹಿಟ್ಟು, ಹಳೆಯ ಮೆತ್ತಗಿನ ಬಟ್ಟೆಗಳನ್ನು ಕಳಿಸಿದ್ದೇನೆ. ಬಟ್ಟೆ ಕುದಿಸಿ ಒಣಗಿಸಿದ್ದೇನೆ. ಮೀನನ್ನು ಎರಡು ನೀರಿನಲ್ಲಿ ತೊಳೆ.

ಹಿಂದಿನ ಕಾಗದ ಗಡುಸಾಗಿತ್ತು. ಅದರಲ್ಲಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೀನು ಹೇಗಿದ್ದೀಯೆಂದು ಕೇಳುವುದು ಮರೆತಿತ್ತು. ಹೇಗಿದ್ದೀ?

ಅವ್ವ

—

ಕೆರಿಚೊ
೨೩ ಜೂನ್ ೧೯೯೬

ಅವ್ವನಿಗೆ,

ಚೆನ್ನಾಗಿದ್ದೇನೆ. ಮಗು ಒದೆಯುತ್ತದೆ, ಅದೂ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ. ಮೀನು ಬಂತು.

ನಿನ್ನ ಏಪ್ರಿಲ್ ಕಾಗದ ಓದಿ ಸಿಟ್ಟು ಬಂತು. ಎರಡು ವಾರ ಉತ್ತರ ಬರೆಯಬಾರದೆಂದೇ ಇದ್ದೆ. ಕೊಸ್ಕೇ ಮೇಜಿನ ಮೇಲೆ ಕಾಗದ ಸಿದ್ಧಮಾಡಿ ಇಟ್ಟಿದ್ದ, ರುಜು ಹಾಕುವುದಷ್ಟೇ ಬಾಕಿ. ಪೆನ್ನು ಹಿಡಿದೆ. 'ಈ ಉದ್ಯೋಗಿಗೆ ಕಂಪನಿಯಿಂದ ಯಾವುದೇ ವಸತಿ ನೀಡಿರುವುದಿಲ್ಲ' ಎಂದಿತ್ತು. ಹತ್ತು ವರ್ಷದ ಕೆಲಸ ಅವ್ವ. ಎಲೆ ತೂಗುವ ಕಟ್ಟೆಯಿಂದ ಶುರುಮಾಡಿದವಳು ನಾನು. ಪೆನ್ನು ಕೆಳಗಿಟ್ಟು ನೇರವಾಗಿ ದೊಡ್ಡ ಮ್ಯಾನೇಜರ್ ಮುರಿಮಿಯವರ ಕೋಣೆಗೆ ಹೋದೆ.

ನೀನು ಹೇಳಿದ ಹಾಗೆ ಮೆಲ್ಲಗೆ ಮಾತಾಡಿದೆ. "ಸರ್, ಎರಡರಲ್ಲಿ ಒಂದು ಮಾಡಿ. ಮನೆ ನನ್ನ ಸಂಬಳದ ಭಾಗವಾದ್ರೆ ಕಾರ್ಡು ನನ್ನ ಹೆಸರಿಗೆ ಬರೀರಿ, ತೆರಿಗೆ ಕಟ್ತೀನಿ. ನನ್ನದಲ್ಲ ಅಂದ್ರೆ ಜನವರಿಯಿಂದ ಹಿಡಿದ ತೆರಿಗೆ ವಾಪಸ್ ಕೊಡಿ. ಯಾಕೆ ಹಿಡಿದ್ರಿ ಅಂತ ತೆರಿಗೆ ಕಚೇರಿಗೆ ನೀವೇ ಬರೆದು ತಿಳಿಸಿ."

"ಸಾಲು ತೆಗೆಸಿಕೊಂಡು ಸುಮ್ಮನಿರಬಾರದಾ?"

"ಸುಮ್ಮನಿರೋಕೆ ನನ್ನ ತಾಯಿ ಬಿಡಲ್ಲ ಸರ್."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಪ್ಪತ್ತಾರು ವರ್ಷದಲ್ಲಿ ತೆರಿಗೆ ಕಡಿಮೆ ಮಾಡಿ ಅಂತ ಬಂದವರನ್ನು ನೋಡಿದೀನಿ. ಇರಲಿ ಅಂತ ಬಂದವರನ್ನು ನೋಡಿಲ್ಲ. ನಿಮ್ಮ ತಾಯಿ ಏನು ಕೆಲಸದಲ್ಲಿದಾರೆ?"

"ನನ್ನ ತಾಯಿಯಾಗಿದ್ದಾರೆ" ಎಂದೆ.

ನನ್ನ ಹೆಸರಿನ ಹೊಸ ಕಾರ್ಡು ಬರಲು ಮೂರು ವಾರವಾಯಿತು. 'ಹೆಂಡತಿ' ಎಂದು ಅಚ್ಚಾದ ಜಾಗವನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಸಂಗಾತಿ' ಎಂದು ಕೊಸ್ಕೇ ಕೈಬರಹದಲ್ಲಿ ತಿದ್ದಿ, ಅಲ್ಲಿ ಒಗುಟು ಹೆಸರು ಬರೆದ. ಈಗ ಮದುವೆಯಾದ ಇನ್ನಿಬ್ಬರು ಹೆಂಗಸರೂ ತಮ್ಮ ಕಾರ್ಡು ನೋಡಬೇಕೆಂದು ಅವನ ಮೇಜಿನ ಮುಂದೆ ನಿಂತಿದ್ದಾರೆ. "ನೆಮ್ಮದಿ ಹೋಯ್ತು ಮೇಡಂ" ಎನ್ನುತ್ತಾನೆ.

ಸುದ್ದಿ ಕೇಳಿದ ಶನಿವಾರ ಒಗುಟು ರಾತ್ರಿ ಉಳಿಯದೆ ಶಾಲೆಗೆ ಹಿಂತಿರುಗಿದರು. ಮುಂದಿನ ಶನಿವಾರ ಬಂದು ಕಾರ್ಡು ಕೇಳಿದರು. ಬಹಳ ಹೊತ್ತು ನೋಡಿ, "ಸಂಗಾತಿ ಅಂದಿದಾರೆ. ಇನ್ನೂ ಕೆಟ್ಟದಾಗಿ ಬರೀಬಹುದಿತ್ತು" ಎಂದರು. ಆಮೇಲೆ, "ನಿಮ್ಮಮ್ಮ ಯಾವಾಗ ಬರ್ತಾರೆ?" ಎಂದರು.

ಕಾರ್ಡಿನ ನಕಲು ಈ ಕಾಗದದೊಳಗಿದೆ. ದೊಡ್ಡಪ್ಪನಿಗೆ ತೋರಿಸು. ಕೊನ್ಸೊಲಾಟಾಗೂ.

ಅಕೆಯೊ

—

ಅಕೆಯೊಳ ಮನೆ, ಕೆರಿಚೊ
೧೧ ಆಗಸ್ಟ್ ೧೯೯೬

ಮಗಳು ಅಕೆಯೊಗೆ,

ಇದನ್ನು ತೋಟದವನ ಕೈಯಲ್ಲಿ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ಜೊತೆಗೆ ಗಂಜಿಯಿದೆ. ಬಿಸಿ ಇರುವಾಗಲೇ ಕುಡಿ, ದಾದಿಯರ ಜೊತೆ ಹರಟೆ ಆಮೇಲೆ.

ಮೊನ್ನೆ ಬೆಳಗಿನ ಮೊದಲ ಕೋಳಿಗೆ ನೀನು ಎದ್ದು ಗೋಡೆ ಹಿಡಿದು ನಿಂತಾಗ, "ಸೊಂಟ ಹಿಡಿದಿದೆ ಅವ್ವ, ಏನಿಲ್ಲ" ಎಂದೆ. ಏನಿದೆಯೆಂದು ನನಗೆ ಗೊತ್ತಿತ್ತು. ಪಕ್ಕದ ಕೋಣೆಯಲ್ಲಿದ್ದೆನಾದ್ದರಿಂದ ಗೊತ್ತಾಯಿತು. ಬೇರೆ ಊರಿನಲ್ಲಿದ್ದರೆ ಗೊತ್ತಾಗುತ್ತಿರಲಿಲ್ಲ. ಇದರ ಬಗ್ಗೆ ಇಷ್ಟೇ ಬರೆಯುವುದು. ಕಾವಲುಗಾರನನ್ನು ಒದ್ದು ಎಬ್ಬಿಸಿದೆನೆಂದು ಅವನು ಹೇಳಿಕೊಂಡು ತಿರುಗುತ್ತಿದ್ದಾನಂತೆ. ಒದೆಯಲಿಲ್ಲ, ಕಾಲು ತಗುಲಿಸಿದೆ. ಆದರೆ ವಾಹನ ತರಲು ಅವನು ಓಡಿದ ಓಟ ನೋಡಿದ ಮೇಲೆ ಅವನ ಮೇಲಿನ ತೆರಿಗೆ ಹೆಚ್ಚಲ್ಲವೆನಿಸಿತು.

ನಿನ್ನೆ ಮಧ್ಯಾಹ್ನ ನಿನ್ನನ್ನೂ ಮಗುವನ್ನೂ ನೋಡಿದ ಮೇಲೆ ದಾದಿ ನನ್ನನ್ನು ಮನೆಗೆ ಅಟ್ಟಿದಳು. ಸಂಜೆ ಬಾಗಿಲು ಬಡಿಯಿತು. ಕಚೇರಿಯ ಯಾರೋ ಒಬ್ಬ, ಕೈಯಲ್ಲಿ ಪುಸ್ತಕ. ಮನೆಗಳ ಕಿಟಕಿ ಗಾಜು ಎಣಿಸಲು ಬಂದವನು.

"ಮನೆ ಯಜಮಾನರು ಇದಾರಾ ಅಜ್ಜಿ?"

"ಯಜಮಾನಿ ಹೆರಿಗೆಗೆ ಹೋಗಿದಾಳೆ."

"ಅಲ್ಲ, ಯಜಮಾನರು."

"ನಿನ್ನ ಪುಸ್ತಕ ತೆಗೆದು ಓದು" ಎಂದೆ. ಓದಿದ. ಟೊಪ್ಪಿಗೆ ತೆಗೆದು, "ಅಮ್ಮಾ, ಒಳಗೆ ಬರಬಹುದಾ?" ಎಂದು ಕೇಳಿದ. ಕಾಲು ಒರೆಸಿಕೊಂಡು ಬಾ ಎಂದೆ.

ಅವನು ಹೋದ ಮೇಲೆ ಅಳಿಯನವರು ಶಾಲೆಯಿಂದ ನೇರ ಆಸ್ಪತ್ರೆಗೆ ಹೋಗಿ ಇಲ್ಲಿಗೆ ಬಂದರು. ಒಳಗೆ ಬರಲಿಲ್ಲ. ಅತ್ತೆಯನ್ನು ನೇರ ನೋಡಬಾರದೆಂದು ಅಂಗಳದಲ್ಲೇ ಮುಖ ಆಚೆ ತಿರುಗಿಸಿ, ಬಾಗಿಲ ಹಿಂದೆ ನಿಂತಿದ್ದ ನನ್ನೊಡನೆ ಮಾತಾಡಿದರು.

"ಅತ್ತೆಯವರೇ, ಇಬ್ಬರೂ ಚೆನ್ನಾಗಿದಾರೆ. ಮಗಳು ನಿಮ್ಮ ಹಾಗೇ ಹುಬ್ಬು ಗಂಟು ಹಾಕ್ತಾಳೆ."

"ಒಳ್ಳೆಯದು. ನೀವು ಊಟ ಮಾಡಿದಿರಾ?"

"ಸ್ನೇಹಿತನ ಮನೇಲಿ ಮಾಡ್ತೀನಿ. ನೀವಿರೋ ತನಕ ಅಲ್ಲೇ ಮಲಗ್ತೀನಿ. ನಿಮಗೆ ಸಂಕೋಚ ಬೇಡ."

"ಮನೆ ಬಿಟ್ಟು ಹೋಗಬೇಕಾಯ್ತಲ್ಲ ನಿಮಗೆ."

"ಮನೆಯೊಡತಿ ತಾಯಿ ಬಂದಿರುವಾಗ ನಾನೇ ಜಾಗ ಬಿಡಬೇಕು" ಎಂದರು. ದನಿಯಲ್ಲಿ ನಗುವಿತ್ತು. ಬಾಗಿಲ ಸಂದಿಯಿಂದ ಉಗಾಲಿ ಮುದ್ದೆ, ಸೊಪ್ಪು ಇರುವ ಬಟ್ಟಲನ್ನು ಹೊರಗಿಟ್ಟು ಪಕ್ಕಕ್ಕೆ ಸರಿದೆ. ತೆಗೆದುಕೊಂಡು ಹೋದರು. ಒಳ್ಳೆಯವರನ್ನು ಆರಿಸಿದ್ದೀ. ಇದನ್ನೂ ಇನ್ನೊಮ್ಮೆ ಬರೆಯುವುದಿಲ್ಲ.

ಬಂದಾಗಿನಿಂದ ಈ ಹತ್ತು ದಿನ ಮಲಗಿದ್ದೇನೆಂದು ನೀನು ತಿಳಿದಿದ್ದೆ. ಮಲಗಿರಲಿಲ್ಲ. ಕಾರ್ಡು ನೋಡಿದ ಮೇಲೂ ಚಿರಾದ ಹೆದರಿಕೆ ಬಿಟ್ಟಿರಲಿಲ್ಲ. ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಗೋಡೆಯಾಚೆ ನಿನ್ನ ಉಸಿರಿಗೆ ಕಿವಿಗೊಡುತ್ತಿದ್ದೆ. ಕೂತಿರುವುದಕ್ಕೆ ಯಾರ ಮನೆಯಾದರೂ ಅಡ್ಡಿಯಿಲ್ಲ, ಕಾರ್ಡು ಬೇಕಾಗಿಲ್ಲ.

ನಿನ್ನೆ ರಾತ್ರಿ ಮಲಗಿದೆ. ಬಾಗಿಲು ಹಾಕಿ, ನಿನ್ನ ಮಂಚದ ಮೇಲೆ, ನಿನ್ನ ಕಂಬಳಿ ಹೊದ್ದು, ಕಾಲು ಚಾಚಿ. ಎದ್ದಾಗ ಬಿಸಿಲು ಕಿಟಕಿ ದಾಟಿ ನೆಲದ ನಡುವಿಗೆ ಬಂದಿತ್ತು. ತೋಟದವನು ಎರಡು ಸಲ ಬಂದು, ಎಬ್ಬಿಸಲು ಹೆದರಿ ಹೋಗಿದ್ದನಂತೆ. ನಿನ್ನ ತಂದೆ ತೀರಿಕೊಂಡ ಮೇಲೆ ಹೊತ್ತೇರಿದ ಮೇಲೂ ನಾನು ಮಲಗಿರುವುದನ್ನು ಕಂಡವರಿಲ್ಲ. ಅವನು ಕಂಡ. ಊರಿಗೆಲ್ಲ ಹೇಳಲಿ.

ನಿನ್ನ ತಾಯಿ,
ದೊರಿನಾ